ಎಷ್ಟಕ್ಕೆ ಇಳಿಸಿದ್ದೆ

ಹಾಸನದ ದೊಡ್ಡಾಸ್ಪತ್ರೆಯ ಮೂರನೇ ಥಿಯೇಟರಿನಲ್ಲಿ
ಸೂಜಿ ಡಾಕ್ಟರದು, ಮಾತು ನನ್ನದು:
ಹತ್ತರಿಂದ ಹಿಂದಕ್ಕೆ ಎಣಿಸಿ.
ಏಳರ ಕೆಳಗೆ ಹೋದವರು ಕಡಿಮೆ.
ಅರಕಲಗೂಡಿನ ತಂಬಾಕು ವ್ಯಾಪಾರಿಯೊಬ್ಬ
ಆರು ದಾಟಿ "ಐ" ಅಂದು ನಿಂತ.
ಆ "ದು" ಎಲ್ಲಿಗೆ ಹೋಯಿತು?
ಇಪ್ಪತ್ತೆರಡು ವರ್ಷ ಆಯಿತು,
ಮನೆಗೆ ಹೋಗುವ ಸಿಟಿ ಬಸ್ಸಿನಲ್ಲಿ
ಒಮ್ಮೊಮ್ಮೆ ಅದನ್ನೇ ಯೋಚಿಸುತ್ತೇನೆ.

ಮೊನ್ನೆ ಸ್ಟ್ರೆಚರಿನಲ್ಲಿ ಬಂದವಳು ಅನಂತಮತಿ ಅತ್ತೆ.
ಬೆಳಗೊಳದ ಬೆಟ್ಟದಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು.
ಇರುವೆ ಸಾಲು ತಪ್ಪಿಸಲು ಹೋಗಿ, ಅಂದಳು,
ಅಂಗಡಿ ಲೆಕ್ಕ ಒಪ್ಪಿಸುವವಳ ಹಾಗೆ:
"ಅದು ಮೂರಿಂದ್ರಿಯದ್ದು. ನಾನು ಐದರವಳು.
ದಾರಿ ಬಿಡಬೇಕಾದವರು ಯಾರು, ನೀನೇ ಹೇಳು."

ಆ ಲೆಕ್ಕ ನನಗೂ ಬಾಯಿಪಾಠ.
ನೀರು ಸೋಸಿದ ಬಟ್ಟೆಯನ್ನು
ಮತ್ತೆ ಅದೇ ಬಾವಿಗೆ ಇಳಿಬಿಟ್ಟು ಜಾಲಾಡುತ್ತ
ಅವಳೇ ಕಲಿಸಿದ್ದು:
ಗಿಡಕ್ಕೆ ಮುಟ್ಟುವುದೊಂದೇ ಗೊತ್ತು.
ಹುಳುವಿಗೆ ನಾಲಿಗೆ ಸೇರಿತು, ಇರುವೆಗೆ ಮೂಗು,
ದುಂಬಿಗೆ ಕಣ್ಣು. ಕಿವಿ ಎಲ್ಲರಿಗಿಂತ ತಡವಾಗಿ ಬಂತು.
ಮನಸ್ಸು ಯಾವಾಗ ಅತ್ತೆ? ಅಂದರೆ
ಬಟ್ಟೆ ಹಿಂಡುತ್ತ
"ಅದು ಕೆಲವರಿಗೆ ಮಾತ್ರ" ಅನ್ನುತ್ತಿದ್ದಳು.

ಸೈನ್ಸ್ ಕಾಲೇಜಿನಲ್ಲಿ ಅದೇ ಏಣಿಗೆ ಬೇರೆ ಬಣ್ಣ.
ಲೋಳೆಯಂಥ ಜೀವವೊಂದು ಬೆಳಕಿನ ಕಡೆ ಹೊರಳಿದ್ದು,
ಯಾವುದೋ ಹಲ್ಲಿಮೋರೆಯ ಅಜ್ಜನ ದವಡೆ ಮೂಳೆ
ಕೋಟಿ ವರ್ಷ ಸವೆದು ಸವೆದು
ನಮ್ಮ ಕಿವಿಯೊಳಗೆ ಬಂದು ಕೂತದ್ದು.
ಇಲ್ಲೂ ಕಿವಿಗೆ ತಡವೇ!
ನೋಟ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ "ಅತ್ತೆ" ಎಂದು ಬರೆದಿದ್ದೆ.

ಒಂದು ಸಲ ನೀಲಕಂಠಪ್ಪ ಮೇಷ್ಟ್ರು
ಮುಟ್ಟಿದರೆ ಮುನಿಯ ಕುಂಡಕ್ಕೆ ಗಾಜಿನ ಜಾಡಿ ಕವುಚಿ
ಈಥರಿನಲ್ಲಿ ಅದ್ದಿದ ಹತ್ತಿ ಒಳಗಿಟ್ಟರು.
ಒಂದು ಗಂಟೆ ಬಿಟ್ಟು ಮುಟ್ಟಿದರೆ ಮುನಿಯಲಿಲ್ಲ ಅದು.
ಎಲೆ ಅಗಲಿಸಿಕೊಂಡೇ ಇತ್ತು.
ನಾವು ನಕ್ಕೆವು.
ನಿದ್ದೆ ಹೋದದ್ದು ಗಿಡದೊಳಗಿನ ಯಾರು
ಎಂದು ಕೇಳಬೇಕೆನ್ನುವಷ್ಟರಲ್ಲಿ ಬೆಲ್ ಹೊಡೆಯಿತು.
ಸಂಜೆ ಹೊತ್ತಿಗೆ ಮತ್ತೆ ಮುನಿಯಿತಂತೆ. ಅಟೆಂಡರ್ ಹೇಳಿದ.

"ಹತ್ತು ಯಾಕಪ್ಪ, ಐದರಿಂದ ಸಾಕು" ಅಂದಳು ಅತ್ತೆ.
ಐದು. ನಾಲ್ಕು.
ಮೂರು ಎನ್ನಲು ತುಟಿ ಕೂಡಿತ್ತು.

ಎರಡು ಗಂಟೆ, ಪರದೆಯ ಮೇಲೆ ಹಸಿರು ಗೆರೆ.
ನಮಗೆ ಔಷಧಿ ಗೊತ್ತು, ಎಷ್ಟು ಕೊಡಬೇಕೆಂದು ಗೊತ್ತು,
ಬೀಗ ಬೀಳುವ ಸದ್ದು ಗೊತ್ತು.
ಮನೆಯಲ್ಲಿ ಯಾರಾದರೂ ಉಳಿದಿದ್ದಾರಾ ಅಂದರೆ
ಸರ್ಜನ್ನರೂ ಗಡಿಯಾರ ನೋಡುತ್ತಾರೆ.
ಮೂಳೆಗೆ ರಾಡು ಬಡಿಯುವಾಗ
ಅವಳ ನಾಡಿ ಒಂದಿಷ್ಟು ಏರಿತು, ಇಳಿಯಿತು,
ಗಾಳಿಗೆ ಎಲೆ ಏರಿ ಇಳಿಯುವ ಹಾಗೆ.

ಹೆಸರು ಹಿಡಿದು ಕರೆದೆ. ಕಿವಿ ಮೊದಲು ಬಂತು.
ಕಣ್ಣು ಆಮೇಲೆ.
ಒಣಗಿದ ನಾಲಿಗೆ ಎಳೆದೆಳೆದು
"ಎಷ್ಟಕ್ಕೆ ಇಳಿಸಿದ್ದೆ ನನ್ನ?"
ಸೊನ್ನೆಗೆ, ಅಂದೆ.
"ಸೊನ್ನೆ ನಮ್ಮ ಲೆಕ್ಕದಲ್ಲೇ ಇಲ್ಲವಲ್ಲೋ."
ನೀರು ಕೇಳಿದಳು.
ಹೊತ್ತು ಮುಳುಗಿತ್ತು, ಗೊತ್ತಾಗಿ ತಾನೇ ಬೇಡವೆಂದಳು.

ಭಾನುವಾರ ಒಬ್ಬನೇ ಬೆಟ್ಟ ಹತ್ತಿದೆ.
ಎಲ್ಲರೂ ಗೊಮ್ಮಟನ ಮುಖ ನೋಡುತ್ತಿದ್ದರು,
ನನ್ನ ಕಣ್ಣು ಕಾಲಿನ ಬುಡ ಬಿಡಲಿಲ್ಲ.
ಹುತ್ತ. ಹುತ್ತದಿಂದ ಇಣುಕುವ ಹಾವು.
ತೊಡೆ ಬಳಸಿ ತೋಳಿಗೇರಿದ ಬಳ್ಳಿ.
ಅಷ್ಟೂ ಒಂದೇ ಕಲ್ಲು.
ಅಗೆದು ತಂದ ಕಲ್ಲಿಗೆ ಜೀವವಿಲ್ಲ ಅನ್ನುತ್ತಿದ್ದಳು ಅತ್ತೆ,
ನೆಲದೊಳಗಿದ್ದಾಗ ಅದಕ್ಕೂ ಒಂದು ಇಂದ್ರಿಯ.
ಇದೋ, ಇನ್ನೂ ಬೆಟ್ಟದಿಂದ ಬಿಡಿಸಿಕೊಂಡೇ ಇಲ್ಲ.
ಹಾಗಾದರೆ?
ಪಕ್ಕದ ಮಗುವೊಂದು ಕಡಲೆಕಾಯಿಗೆ ಅಳುತ್ತಿತ್ತು.

ಇಳಿಯುವಾಗ ಮೆಟ್ಟಿಲಿಗೆ ಅಡ್ಡಲಾಗಿ ಇರುವೆ ಸಾಲು,
ಒಂದೊಂದರ ಬಾಯಲ್ಲೂ ಬಿಳಿ ಮೊಟ್ಟೆ.
ಕಂಬಿ ಹಿಡಿದು ನಿಂತೆ.
ಸಾಲು ಮುಗಿಯುವ ಹಾಗಿರಲಿಲ್ಲ.
ಅಂಗಾಲಿಗೆ ಬಂಡೆಯ ಬಿಸಿ ತಾಗಿತು.
ಒಂದು.