ಮಾರ್ಚ್ ಇಲ್ಲದ ಚೀಟಿ

ಲೂಷಿಯನ್ ತಿಬೋನ ಹಾರ್ಡ್‌ವೇರ್ ಅಂಗಡಿಯಲ್ಲಿ
ಮೊಳೆ ಡಬ್ಬಿಗಳ ಹಿಂದೆ ಒಂದು ಕಡತ:
ವರ್ಮಾಂಟಿನ ಈ ಸಣ್ಣೂರಿನ ಕೆರೆ
ಯಾವ ವರ್ಷ, ಯಾವ ದಿನ, ಎಷ್ಟು ಗಂಟೆಗೆ
ತನ್ನ ಹಿಮದ ಅಗುಳಿ ತೆಗೆಯಿತು ಎಂಬ ಲೆಕ್ಕ.

ಜನವರಿಯಲ್ಲಿ ಗಡ್ಡೆಯ ನಡುವೆ ಒಂದು ಸಿಮೆಂಟು ಇಟ್ಟಿಗೆ ಇಡುತ್ತಾರೆ,
ಇಟ್ಟಿಗೆಗೆ ಹಗ್ಗ, ಹಗ್ಗದ ತುದಿಗೆ ದಡದಲ್ಲೊಂದು ಗಡಿಯಾರ.
ಇಟ್ಟಿಗೆ ಮುಳುಗಿದರೆ ಗಡಿಯಾರ ನಿಲ್ಲುತ್ತದೆ.
ಚೀಟಿಗೆ ಎರಡು ಡಾಲರ್. ಗೆದ್ದವರಿಗೆ ಅರ್ಧ,
ಉಳಿದರ್ಧ ಬೆಂಕಿ ಆರಿಸುವವರ ಪೈಪಿಗೆ.
ಶಾಲೆಯಲ್ಲಿ ಲೆಕ್ಕ ಕಲಿಸುವ ನಾನು
ಹತ್ತೊಂಬತ್ತು ವರ್ಷ ಸೋತಿದ್ದೇನೆ.

"ಕೆರೆಗೆ ತನ್ನದೇ ತಲೆಯಿದೆ," ಅನ್ನುತ್ತಾನೆ.
"ಇಲ್ನೋಡು, ಒಂದು ವರ್ಷ ಏಪ್ರಿಲ್ ಒಂಬತ್ತು, ಮರುವರ್ಷ ಮೇ ನಾಲ್ಕು.
ನಮ್ಮ ಹಿರೀಕನೊಬ್ಬ ಜೂನಿನಲ್ಲಿ ಹಿಮ ತುಳಿದು ಕುರಿ ಹುಡುಕಿದನಂತೆ.
ಆಗ ಯಾರಪ್ಪ ಕಾರು ಓಡಿಸುತ್ತಿದ್ದದ್ದು?"

ನಿಜ. ಅಲ್ಲಗಳೆಯಲಾರೆ.
ಎಲ್ಲೋ ದೂರದ ದ್ವೀಪದಲ್ಲಿ ಬೆಟ್ಟ ಸಿಡಿದು
ಬಿಸಿಲಿಗೆ ಧೂಳಿನ ಸೆರಗು ಕವಿದ ವರ್ಷ ಅದು.
ಸಾಗರವೂ ಆಗೀಗ ಮಗ್ಗುಲು ಬದಲಿಸುತ್ತದೆ,
ಅದರ ನಿದ್ದೆಗೇಡಿಗೆ ಇಲ್ಲಿಯ ಚಳಿ ತತ್ತರಿಸುತ್ತದೆ.

"ಹಾಗಾದರೆ ಸೂರ್ಯನ ಕಿತಾಪತಿ," ಅಂದ.
ಸೂರ್ಯನಾದರೆ ಹಗಲು ಮೊದಲು ಕಾಯಬೇಕಿತ್ತು ಲೂಷಿಯನ್,
ಹೆಚ್ಚು ಬೆಚ್ಚಗಾಗುತ್ತಿರುವುದು ಇರುಳು.
ಬಹು ಮೇಲಿನ ಆಕಾಶವೋ, ತಣ್ಣಗಾಗುತ್ತಿದೆ:
ಹೊದ್ದವನ ಮೈ ಬಿಸಿ, ಕಂಬಳಿಯ ಹೊರಮೈ ತಂಪು.
"ಕಂಬಳಿ!" ಎಂದು ನಕ್ಕು
ಯಾರಿಗೋ ಅರ್ಧ ಪೌಂಡು ಮೊಳೆ ತೂಗಿದ.

ಫೆಬ್ರವರಿಯ ಒಂದು ಸಂಜೆ, ಗಿರಾಕಿಗಳಿಲ್ಲ.
ಗಲ್ಲಾದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು
ಚೌಕಾಬಾರ ಹೇಳಿಕೊಟ್ಟೆ.
ಅಂಗಾತ ಬಿದ್ದ ಕವಡೆ ಎಣಿಸು;
ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ.
ಅವನಿಗೊಂದು ಜೊತೆ ಕವಡೆ. ನನಗೆ
ಗದಗಿನಲ್ಲಿ ಎಂದೂ ಸೋಲದಿದ್ದ ಸೋದರತ್ತೆಯ ಜೊತೆ.

ಮೂರನೆಯ ಆಟಕ್ಕೆ ಕಣ್ಣು ಕಿರಿದಾಯಿತು. "ಮೋಸ."
ಯಾವ ದಾಯ? ಅಂದೆ.
ಬೆರಳೆತ್ತಿದ. ಇಳಿಸಿದ.
ಈಗಿನ ಬಾರವೇ? ಬಾರ ತಾನಾಗಿಯೂ ಬೀಳುತ್ತದೆ.
ಆಗಿನದೇ? ಅದೂ ಅಷ್ಟೇ. ಅವನಿಗೂ ಒಂದು ಬಿದ್ದಿತ್ತಲ್ಲ.
ಒಂದು ದಾಯದ ಕೊರಳಪಟ್ಟಿ ಹಿಡಿದು
ಇದೇ ಕಳ್ಳ ಎನ್ನುವಂತಿಲ್ಲ,
ಆದರೆ ಸಂಜೆಗೆ ಸಂಜೆಯೇ ಓರೆ.

ಕವಡೆಗಳನ್ನು ಒಂದೊಂದೇ ಅಂಗೈಗೆ ತೆಗೆದುಕೊಂಡ.
ಐವತ್ತು ವರ್ಷ ಮೊಳೆ ತೂಗಿದ ಕೈ.
ಮೂರನೆಯದರಲ್ಲಿ ನಿಂತಿತು.
ಉಗುರು ಹಾಕಿ ಒಡಲು ಕೆದಕಿದ: ಮೇಣ, ಮೇಣದೊಳಗೆ
ಸಾಸಿವೆಯಷ್ಟು ಸೀಸ.

ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಹೊರಗೆ ಅವನ ಟ್ರಕ್ಕು, ಸೀಟು ಬೆಚ್ಚಗಿರಲೆಂದು,
ನಿಂತಲ್ಲೇ ಓಡುತ್ತಿತ್ತು.
ನೆಲಮಾಳಿಗೆಯ ಎಣ್ಣೆ ಬಾಯ್ಲರು ಗುಡುಗಿ ಹೊತ್ತಿಕೊಂಡಿತು,
ನಾನೂ ಅತ್ತ ಕೈ ಚಾಚಿದೆ.

ಇಟ್ಟಿಗೆ ಮುಳುಗಿದ್ದು ಮಾರ್ಚ್ ಇಪ್ಪತ್ತೇಳು,
ಇರುಳು ಎರಡೂ ನಲವತ್ತಕ್ಕೆ.
ಗೆದ್ದವರು ಯಾರೂ ಇಲ್ಲ.
ಅವನಪ್ಪ ಮಾಡಿಸಿದ ಅಚ್ಚಿನ ಚೀಟಿಯಲ್ಲಿ
ದಿನಗಳು ಶುರುವಾಗುವುದೇ ಏಪ್ರಿಲ್ ಐದರಿಂದ.

ಒಂದೇ ವರ್ಷ, ಅಂದೆ ನಾನೇ, ನ್ಯಾಯಕ್ಕೆ.
ಒಂದು ದಾಯ. ಹಾಗೇ ಬಿದ್ದಿರಬಹುದು.
ಅವನು ಉತ್ತರಿಸದೆ ಕಡತ ಎಳೆದುಕೊಂಡು
ಎಂಜಲು ಬೆರಳಲ್ಲಿ ಹಿಂದೆ ಹಿಂದೆ ತಿರುವಿದ,
ಅಪ್ಪನ ಮಸಿಗೆ, ಅಜ್ಜನ ಪೆನ್ಸಿಲ್ಲಿಗೆ,
ಮತ್ತೆ ಮುಂದೆ. ಮೆಲ್ಲಗೆ.
ಅಂಗೈಯಲ್ಲೇನೋ ತೂಗುವವನ ಹಾಗೆ.

ಆಮೇಲೆ ಮುದ್ರಣದಂಗಡಿಗೆ ಫೋನು ಮಾಡಿದ.
"ಡಾರ್ಲೀನ್, ಮುಂದಿನ ಚೀಟಿಗೆ ಮಾರ್ಚ್ ಬೇಕು."
ಎಷ್ಟು ದಿನ, ಎಂದು ಅತ್ತ ಕೇಳಿರಬೇಕು.
ಕಿಟಕಿಯಾಚೆ ತೆರೆದ ನೀರು,
ಅದರ ಮೇಲೊಂದು ಬಾತು, ಯಾವ ಆತುರವೂ ಇಲ್ಲದೆ.
"ಇಡೀ ತಿಂಗಳು," ಅಂದ.
ಫೋನು ಇಡಹೋದವನು ಮತ್ತೆ ಕಿವಿಗೇರಿಸಿ,
"ಅದಕ್ಕೂ ಮೇಲೆ," ಅಂದ, "ಒಂಚೂರು ಜಾಗ ಬಿಟ್ಟಿರು."