ಒಂದೇ ನಲ್ಲಿ, ಎರಡು ಮನೆ

"ಜೋಡಿ ಬಾಳೆಹಣ್ಣು ತಿಂದಿದ್ಯೇನೇ ಯಾವತ್ತಾದ್ರೂ?"
ಸ್ಕ್ಯಾನಿಂಗ್ ಚೀಟಿ ನೋಡಿ ಅತ್ತೆ ಆಡಿದ ಮೊದಲ ಮಾತು.
ತಿಂದಿದ್ದೆ. ಲಗ್ಗೆರೆಯ ತಳ್ಳುಗಾಡಿಯಲ್ಲಿ,
ಎರಡು ಟ್ರಿಪ್ಪಿನ ನಡುವೆ, ಹಸಿವಿಗೆ,
ಒಂದರ ಬೆಲೆಗೆ ಎರಡು ಬಂತಲ್ಲ ಎಂಬ ಖುಷಿಯಲ್ಲಿ.

ಬಸುರಿ ಅಂದರೆ ಎರಡು ಜೀವ ಅಂತಾರೆ.
ಒಂಬತ್ತು ವರ್ಷ ಟಿಕೆಟ್ ಹರಿದ ಕೈ ನನ್ನದು,
ತಲೆ ಎಣಿಸುವುದರಲ್ಲಿ ತಪ್ಪಿದವಳಲ್ಲ;
ಈ ಸಲ ಒಂದು ತಲೆ ಬಿಟ್ಟುಹೋಗಿತ್ತು.

ಡಾಕ್ಟರ್ ಅಫ್ಶಾನ್ ಚೀಟಿಯ ಹಿಂಬದಿಗೆ ಚಿತ್ರ ಬರೆದರು:
ಒಂದು ಚೀಲ, ನಡುವೆ ತೆಳು ಪರದೆ,
ಇಬ್ಬರಿಗೂ ಸೇರಿ ಒಂದೇ ಮಾಸು.
"ಅರ್ಥ ಆಯ್ತಾ?"
ಆಯಿತು ಎಂದೆ. ನಮ್ಮ ವಠಾರದ ಹಾಗೆ,
ಒಂದೇ ನಲ್ಲಿ, ಎರಡು ಮನೆ.
ಕಾವೇರಿ ಬಿಡುವ ದಿನ
ಮುಂದಿನವರು ಡ್ರಮ್ಮು ತುಂಬಿಸಿ ಅಂಗಳಕ್ಕೂ ಚೆಲ್ಲುತ್ತಾರೆ,
ಹಿಂದಿನ ಮನೆಯ ನಾವು ಬಿಂದಿಗೆಯ ತಳ ನೋಡುತ್ತೇವೆ.
ಡಾಕ್ಟರು ನಗಲಿಲ್ಲ. ಹೌದು, ಥೇಟ್ ಹಾಗೇ, ಎಂದರು.
ಅದಕ್ಕೇ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನಿಂಗ್,
ಒಂದೂ ತಪ್ಪಿಸಬೇಡಿ.
ಹೊಟ್ಟೆ ದಿಢೀರನೆ ಬಿಗಿದು ಊದಿದರೆ
ತಾರೀಖಿಗೆ ಕಾಯಬೇಡಿ.

ನಿಂತು ಮಾಡುವ ಕೆಲಸ ಕೂಡದೆಂಬ ಚೀಟಿ ಹಿಡಿದು
ಡಿಪೋ ಆಫೀಸಿಗೆ ಮೂರು ದಿನ ಅಲೆದೆ.
ಸುಮನಹಳ್ಳಿಯ ಗುಂಡಿಗಳ ಸಂಗತಿ ಅವರಿಗೂ ಗೊತ್ತು.
ಕೊನೆಗೆ ಕೊಟ್ಟರು ಒಂದು ಕುರ್ಚಿ, ಒಂದು ಫ್ಯಾನು,
ಬಸ್ಸಿನಲ್ಲಿ ಬಿಟ್ಟುಹೋದ ವಸ್ತುಗಳ ಕೋಣೆ.
ಛತ್ರಿ, ಟಿಫಿನ್ ಡಬ್ಬಿ, ಒಬ್ಬಂಟಿ ಚಪ್ಪಲಿಗಳು,
ಮಗುವಿನ ಒಂದೇ ಒಂದು ಸಾಕ್ಸು.
ಅದನ್ನು ರಿಜಿಸ್ಟರಿನಲ್ಲಿ ಬರೆಯಲು ಕೈ ಬರಲಿಲ್ಲ.
ಡ್ರಾಯರಿನ ಮೂಲೆಗೆ ತಳ್ಳಿದೆ.

ಹೊಟ್ಟೆ ಎದೆಗೆ ಬಂದು ಕೂತಿದೆ, ಅರ್ಧ ಮುದ್ದೆಗೇ ಸಾಕು.
ಹಾಗಾಗಿ ಎರಡೆರಡು ಗಂಟೆಗೆ ಇಷ್ಟಿಷ್ಟೇ:
ಹುರಿಗಡಲೆ, ಮೊಟ್ಟೆ, ಮೊಳಕೆ ಹುರುಳಿ.
ಮಾತ್ರೆಯನ್ನು ಟೀ ಜೊತೆ ನುಂಗುತ್ತಿದ್ದೆ.
"ಟೀ ಕುಡಿದು ಕಬ್ಬಿಣ ತೊಳೆದುಬಿಡ್ತೀಯಲ್ಲ,
ನಿಂಬೆ ಹಿಂಡ್ಕೊಂಡು ಕುಡಿ" ಎಂದು
ಸಿಸ್ಟರ್ ಫಿಲೋಮಿನಾ ಗದರಿದರು.
ಎಡಮಗ್ಗುಲಲ್ಲಿ ಎದ್ದರೆ ದಿನ ಕೆಡುತ್ತೆ, ಇದು ಅತ್ತೆ.
ಎಡಮಗ್ಗುಲಲ್ಲಿ ಮಲಗಿ, ಅದು ಡಾಕ್ಟರು.
ಕೆಂಪರಾಜು ಮಂಚವನ್ನೇ ತಿರುಗಿಸಿ ಹಾಕಿದ:
ಎಡಕ್ಕೆ ಮಲಗು, ಬಲಕ್ಕೆ ಏಳು,
ಇಬ್ಬರ ಮಾತೂ ಉಳೀತು.

ಮೂವತ್ತೊಂದನೇ ವಾರ, ಗುರುವಾರ ಸಂಜೆ
ತಲೆನೋವು. ಮುಲಾಮು ಹಚ್ಚಿದರೂ ಇಳಿಯಲಿಲ್ಲ.
ಬಳೆ ಕೈಗೆ ಕಚ್ಚಿಕೊಂಡಿತ್ತು.
ರಿಜಿಸ್ಟರಿನ ಗೆರೆಗಳ ಮೇಲೆ ಬೆಳಕಿನ ಸಣ್ಣ ಹುಳಗಳು.
ಬಿಸಿಲು, ನಿದ್ದೆಗೇಡು, ಬರೀ ಹಸಿವು,
ನನಗೆ ನಾನೇ ಒಂದೊಂದು ಸಬೂಬು ಹರಿದು ಕೊಡುತ್ತಿದ್ದೆ.
ಡ್ರೈವರ್ ನವಾಜಣ್ಣ ನನ್ನ ಮುಖ ನೋಡಿ
ಟೀ ಲೋಟ ಕಟ್ಟೆಯ ಮೇಲಿಟ್ಟ:
"ನಮ್ಮಕ್ಕನಿಗೂ ಹೀಗೇ ಶುರುವಾಗಿತ್ತು. ನಡಿ."
ಅಕ್ಕನಿಗೆ ಆಮೇಲೆ ಏನಾಯಿತೆಂದು
ಆಟೋದಲ್ಲಿ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಮಾಗಡಿ ರೋಡಿನುದ್ದ ಸಿಗ್ನಲ್ಲೆಲ್ಲ ಕೆಂಪು.

ಬಿಪಿ ನೂರಾ ಎಪ್ಪತ್ತು.
"ಒಳ್ಳೆ ಹೊತ್ತಿಗೆ ಬಂದೆ. ಬೆಳಿಗ್ಗೆ ನೋಡೋಣ ಅಂತ ಮಲಗಿದ್ರೆ..."
ಸಿಸ್ಟರ್ ಆ ಮಾತು ಮುಗಿಸಲಿಲ್ಲ,
ಸೂಜಿ ಚುಚ್ಚಿದರು.

ಇವತ್ತಿಗೆ ಹನ್ನೆರಡು ದಿನ.
ಹೊಟ್ಟೆಗೆ ಎರಡು ಬೆಲ್ಟು. ಯಂತ್ರದಲ್ಲಿ ಎರಡು ಎದೆಬಡಿತ,
ಒಂದಕ್ಕೆ ಅವಸರ, ಇನ್ನೊಂದಕ್ಕೆ ಇನ್ನೂ ಅವಸರ.
ಹೋಲ್ಡಾನ್, ಎನ್ನುತ್ತೇನೆ, ಮೆಲ್ಲಗೆ, ಇಬ್ಬರಿಗೂ;
ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ,
ಸ್ಟಾಪು ಬರಲಿಲ್ಲ ಇನ್ನೂ.

ಸಂಜೆ ಅತ್ತೆ ಬಂದರು,
ಚೀಲದಲ್ಲಿ ಮಜ್ಜಿಗೆ, ಒಂದು ಚಿಪ್ಪು ಏಲಕ್ಕಿ ಬಾಳೆ.
ಬಿಡಿಸಿ ಕೊಡುವಾಗ ಕೈ ತಡೆಯಿತು:
ನಡುವೆ ಒಂದು, ಅಂಟಿಕೊಂಡ ಜೋಡಿ.
ವಾರ್ಡಿನ ಅತ್ತ ಇತ್ತ ನೋಡಿ
ಅರವತ್ತೆರಡರ ಅತ್ತೆ ಅದನ್ನು ತಾವೇ ಸುಲಿದು ತಿಂದರು,
"ಇನ್ನು ನಂಗೇನಾಗುತ್ತೆ ಬಿಡು" ಎಂದು.