ತಲೆ ಬಗ್ಗಿಸಬಾರದು

ಇಪ್ಪತ್ತಾರು ವರ್ಷ ಗಾಂಧಿ ಬಜಾರಿನಲ್ಲಿ
ಮೂರಡಿ ಗಾಜಿನ ಹಿಂದೆ ಬಗ್ಗಿಯೇ ಕೂತವನು ನಾನು.
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ವಾಚಿನ ಹೊಟ್ಟೆ ಬಿಚ್ಚುವಾಗ
ಗಿರಾಕಿಗೆ ಕಾಣುತ್ತಿದ್ದುದು ನನ್ನ ಮುಖವಲ್ಲ,
ನೆತ್ತಿ.

ಒಂದು ದಿನ ಒಬ್ಬ ಪೋರ ಗಾಜಿಗೆ ಮೂಗೊತ್ತಿ,
"ಅಮ್ಮಾ, ಆ ಗಡಿಯಾರಕ್ಕೆ ಮುಳ್ಳೇ ಇಲ್ಲ" ಅಂದ.
ಅವನ ಬೆರಳು ಗೋಡೆಯ ಕಡೆಗಿರಲಿಲ್ಲ.

ದುರ್ಗಿಗುಡಿಯ ಮಹಡಿಯ ಮೇಲೆ ಡಾಕ್ಟರು
ಚಿತ್ರ ಬರೆದು ತೋರಿಸಿದರು:
"ಸಸಿಮಡಿಯಿಂದ ಕಿತ್ತು ಗದ್ದೆಗೆ ನೆಟ್ಟ ಹಾಗೆ.
ನಾಟಿ ನೋಡಿಲ್ವಾ ಶೇಟ್ರೇ?"
ನೋಡಿದ್ದೇನೆ, ತೀರ್ಥಹಳ್ಳಿ ಬಸ್ಸಿನ ಕಿಟಕಿಯಿಂದ.
"ಹೊಸ ಕೂದಲು ಒಂದೂ ಹುಟ್ಟಲ್ಲ ಮತ್ತೆ,
ಹಿಂದಲೆಯದು ಮುಂದಕ್ಕೆ ಬರುತ್ತೆ, ಅಷ್ಟೇ."
ಅದು ಅರ್ಥವಾಯಿತು.
ನಿಂತ ವಾಚಿನ ಭಾಗ ಬಿಚ್ಚಿ ನಡೆಯುವುದಕ್ಕೆ ಹಾಕುವುದು.
ಇಲ್ಲಿ ಎರಡು ವಾಚೂ ನಾನೇ.

ಸೂಜಿ ಉರಿಯುತ್ತದೆ, ಸುಳ್ಳು ಹೇಳಲಾರೆ.
ಹತ್ತು ನಿಮಿಷ. ಆಮೇಲೆ ತಲೆ ಯಾರದೋ.
ಬೋರಲು ಮಲಗಿದವನಿಗೆ
ಬುರುಡೆಯ ಒಳಗಿಂದ ಕರಕ್ ಕರಕ್ ಸದ್ದು ಮಾತ್ರ,
ಪಕ್ಕದ ಕೋಣೆಯಲ್ಲಿ ಯಾರೋ ಹಪ್ಪಳ ತಿನ್ನುತ್ತಿದ್ದಾರೆ ಅನ್ನುವ ಹಾಗೆ.

ಊಟದ ನಂತರ ಅಂಗಾತ ಮಲಗಿಸಿದರು.
ಒದ್ದೆ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲು,
ನನ್ನವೇ.
ಲವೀನಾ ಸಿಸ್ಟರ್ ಚಿಮಟ ಹಿಡಿದ ಬಗೆ ನೋಡಿದೆ:
ಕಿರುಬೆರಳು ಆಸರೆಗೆ, ಇಡುವಾಗ ಉಸಿರು ಬಿಗಿ.
ಕಲಿಯಲು ಬಂದ ಹುಡುಗರಿಗೆ ನಾನು ಬಡಿದುಕೊಳ್ಳುವುದು ಅದನ್ನೇ.
"ಎಷ್ಟಾಯ್ತು ಸಿಸ್ಟರ್?"
"ಸಾವಿರದ ನಾನೂರ ಹನ್ನೆರಡು.
ಮಾತಾಡಿಸ್ಬೇಡಿ ಸರ್, ಎಣಿಕೆ ತಪ್ಪುತ್ತೆ."
ಗಿರಾಕಿಗಳಿಗೆ ನಾನೂ ಹೀಗೇ ಸಿಡುಕುತ್ತೇನೆ.

ಹೊರಡುವಾಗ ಒಂದು ಚೀಟಿ.
ಉಪ್ಪುನೀರು ಸಿಂಪಡಿಸಿ. ಒರಗಿ ಕೂತೇ ಮಲಗಿ.
ಹಕ್ಕಳೆ ಕೆರೆಯಬೇಡಿ.
ಹತ್ತು ದಿನ ತಲೆ ಬಗ್ಗಿಸಬಾರದು.

ಮೂರನೇ ದಿನ ಹಣೆ ಊದಿ ಕಣ್ಣಿಗೆ ಇಳಿಯಿತು.
ನಳಿನಿ ನಗು ನುಂಗಿಕೊಂಡು ಗಂಜಿ ತಂದಿಟ್ಟಳು.
ಈ ದುಡ್ಡಲ್ಲಿ ಬಣ್ಣ ಹೊಡೆಸಬಹುದಿತ್ತು ಅನ್ನಲಿಲ್ಲ,
ಗೋಡೆ ಕಡೆ ನೋಡಿದಳು, ಅಷ್ಟೆ.

ಆರನೇ ದಿನ ಟೋಪಿ ಹಾಕಿ ಅಂಗಡಿ ತೆಗೆದೆ.
ರಿಪೇರಿ ಇಲ್ಲ, ಚೀಟಿ ಬರೆದು ವಾಚು ಇಸಿದುಕೊಳ್ಳುವುದು.
ಕತ್ತು ನೆಟ್ಟಗೆ, ಮದುವೆಯ ಫೋಟೋದ ಗಂಡಿನ ಹಾಗೆ.
ಆಗ ಬಂದರು ಹೊಸಮನೆಯ ಆ ಹೆಂಗಸು,
ಗಂಡಸರ ಹಳೆಯ ವಾಚು ಕರ್ಚೀಫಿನಲ್ಲಿ ಸುತ್ತಿ.
ಆರು ವರ್ಷದಿಂದ ಬರುತ್ತಾರೆ. ನನಗೆ ಗೊತ್ತಿದ್ದುದು
ಅವರ ಬಳೆ, ಅವರ ಕರ್ಚೀಫಿನ ಅಂಚು.
ಪ್ರತಿ ಸಲ ಹೇಳುತ್ತಿದ್ದೆ, ಕೆಳಗೆ ನೋಡುತ್ತಲೇ,
"ಇದರಲ್ಲಿ ಏನೂ ಉಳಿದಿಲ್ಲಮ್ಮ, ಬಿಸಾಕಿ."
ಈ ಸಲ ಮಾತು ಬಾಯಿಗೆ ಬಂದಾಗ
ಎದುರಿಗೆ ಮುಖ ಇತ್ತು.
"ಇಟ್ಟು ಹೋಗಿ" ಅಂದೆ. "ನೋಡ್ತೀನಿ."

ಇಪ್ಪತ್ತನೇ ದಿನ ದಿಂಬಿನ ತುಂಬ ಕೂದಲು.
ಉದುರುತ್ತದೆ ಎಂದು ಮೊದಲೇ ಹೇಳಿದ್ದರು,
ನಾನೇ ತಲೆಯಾಡಿಸಿ ಸಹಿ ಹಾಕಿದ್ದೆ.
ಆದರೂ ಆಯ್ದು ಎಣಿಸಿದೆ: ನಲವತ್ತೊಂದು.
ಸ್ಕ್ರೂ ಹಾಕುವ ಡಬ್ಬಿಯಲ್ಲಿ ಮುಚ್ಚಿಟ್ಟು ಫೋನು ಮಾಡಿದೆ.
"ಉದುರಲಿ ಬಿಡಿ ಸರ್. ಬೇರು ಒಳಗಿದೆ."
"ಮತ್ತೆ ಯಾವಾಗ?"
"ನಾಲ್ಕು ತಿಂಗಳು. ಕನ್ನಡಿ ಕಡಿಮೆ ನೋಡಿ."

ಮೂರು ತಿಂಗಳು ಮೊದಲಿಗಿಂತ ಬೋಳಾಗಿದ್ದೆ.

ಆಮೇಲೊಂದು ಬೆಳಿಗ್ಗೆ ಸೋಪು ಹಚ್ಚುವಾಗ
ಅಂಗೈಗೆ ಏನೋ ಚುಚ್ಚಿತು.
ಮುಳ್ಳು.

ಈಗ ಒಂಬತ್ತು ತಿಂಗಳು.
ಮುಂದೆ ಪರವಾಗಿಲ್ಲ, ಬಾಚಣಿಗೆ ನಿಲ್ಲುತ್ತದೆ.
ನೆತ್ತಿ ಮಾತ್ರ ತಡವಂತೆ, ಒಂದೂವರೆ ವರ್ಷ,
ಅದೂ ತುಂಬಿದರೆ.
ಹೊಸಮನೆಯವರು ಮೊನ್ನೆ ಬಂದು ದಿಟ್ಟಿಸಿದರು,
"ಏನೋ ಬದಲಾಗಿದೆಯಲ್ಲ. ಕನ್ನಡಕ ಬದಲಿಸಿದ್ರಾ?"
ಹೂಂ ಅಂದೆ.
ವಾಚು ಕೊಟ್ಟೆ. ನಡೆಯುತ್ತೆ, ಆದರೆ
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ ಅಂದೆ.
ಕಿವಿಗೆ ಹಿಡಿದು ಸುಮಾರು ಹೊತ್ತು ನಿಂತಿದ್ದರು.
"ಬೀಳಲಿ ಬಿಡಿ" ಅಂದರು.